‘ಹೋತೆ’ ಅಂದು ಹಾರಿದಳು

ಮುಂಬೈಯಿಂದ ಬಂದ ಮೊಮ್ಮಗಳು ಸುಮಾಳಿಗೆ ಒಮ್ಮೆಯಾದರೂ ಕಡಲ ಮೇಲೆ ಹಾರಬೇಕಂತೆ. ಬಸ್ರೂರಿನಿಂದ ಬಸ್ಸು ಹತ್ತಿಸಿ ನನ್ನನ್ನೂ ತ್ರಾಸಿಯ ಕಡಲತೀರಕ್ಕೆ ಎಳೆದುಕೊಂಡು ಬಂದಳು. ದೊಡ್ಡ ಕೊಡೆಯಂಥ ಬಟ್ಟೆಗೆ ಅವಳನ್ನು ಬೆಲ್ಟಿನಲ್ಲಿ ಬಿಗಿದರು. ಅದರ ಹಗ್ಗವನ್ನು ನೀರಿನಲ್ಲಿದ್ದ ಬೋಟಿಗೆ ಕಟ್ಟಿದ್ದರು.

“ಅಜ್ಜಿ, ನಾ ಹೋತೆ!” ಅಂದಳು.

ಆ ಮಾತು ಆಡಬಾರದಿತ್ತು. ಮೀನು ಹಿಡಿಯುವ ನಮ್ಮ ಮನೆಗಳಲ್ಲಿ ಕಡಲಿಗೆ ಇಳಿಯುವವರು ‘ಹೋತೆ’, ಅಂದರೆ ಹೋಗುತ್ತೇನೆ, ಅನ್ನುವುದಿಲ್ಲ; ‘ಬತ್ತೆ’, ಬರುತ್ತೇನೆ, ಅನ್ನುತ್ತಾರೆ. ನನ್ನ ತಮ್ಮ ಒಂದು ದಿನ ಅವಸರದಲ್ಲಿ ‘ಹೋತೆ’ ಅಂದು ದೋಣಿ ಹತ್ತಿದ. ದೋಣಿ ಮಾತ್ರ ದಡಕ್ಕೆ ಬಂತು.

“ಬತ್ತೆ ಅನ್ ಹೆಣ್ಣೆ! ಹ್ವಾಯ್, ಬೋಟ್ ನಿಲ್ಸಿ!” ಎಂದು ಕೂಗಿದೆ.

ಬೆಲ್ಟು ಬಿಗಿದವನು ನಕ್ಕ. “ಎಂತ ಹೆದ್ರಿಕಿ ಅಮ್ಮಾ? ಒಂದ್ ಸುತ್ತ್ ಹಾಕಿ ಬಪ್ದ್ ಅಷ್ಟೆ.”

“ನೀ ಅಂದ್ರೆ ಆತಿಲ್ಲೆ. ಅವ್ಳೇ ಬತ್ತೆ ಅನ್ಕ್.”

ಅಷ್ಟರಲ್ಲಿ ಅವಳ ಕಾಲು ಮರಳು ಬಿಟ್ಟಿತ್ತು. ತಲೆಯೆತ್ತಿ ನೋಡಲು ಧೈರ್ಯ ಬರಲಿಲ್ಲ. ನೀರಿನ ಮೇಲೆ ಅವಳ ನೆರಳು ಓಡುತ್ತಿತ್ತು, ಅದನ್ನೇ ಕಣ್ಣಲ್ಲಿ ಹಿಂಬಾಲಿಸಿದೆ. ಸೂರ್ಯನಿಗೆ ಮೋಡ ಅಡ್ಡ ಬಂತು, ನೆರಳೂ ಹೋಯಿತು. ಮರಳಿನ ಮೇಲೆ ಕೂತೆ. ಅವಳ ಬದಲಿಗೆ ನಾನೇ ‘ಬತ್ತೆ, ಬತ್ತೆ’ ಅನ್ನುತ್ತಾ ಇದ್ದೆ.

ಇಳಿದಳು. ಮೈಯೆಲ್ಲ ಮರಳು, ಮುಖವೆಲ್ಲ ನಗು.

“ಮಸ್ತ್ ಇತ್ತ್ ಅಜ್ಜಿ! ಇನ್ನೊಂದ್ ಸಲ ಹೋತೆ.”

ಅವಳ ಬೆಲ್ಟು ಹಿಡಿದುಕೊಂಡೆ.

“ಆಯ್ತ್ ಮಾರಾಯ್ತಿ, ಬತ್ತೆ, ಬತ್ತೆ!” ಅಂದಳು.

ನಾನು ಆಮೇಲೂ ಬೆಲ್ಟು ಬಿಡಲಿಲ್ಲ.