ಎಡದ ಅಂಚಿನ ಒಂದೂವರೆ ಇಂಚು

1976ನೆಯ ಇಸವಿ. ಉಡುಪಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ನಾನು ಪುಟವಿನ್ಯಾಸದ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮಣಿಪಾಲದಲ್ಲಿ ಮುದ್ರಣದ ಕೆಲಸ ಕಲಿತವಳು ಎಂಬ ಹೆಮ್ಮೆ ಬೇರೆ. ದಿನವೂ ಕಾಪುವಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಫೋಟೋ ಕ್ರಾಪ್ ಮಾಡುವುದು ನನ್ನ ಪಾಲಿನ ಕೆಲಸಗಳಲ್ಲಿ ಒಂದು. ಹಾಗೆಂದರೆ ಫೋಟೋವನ್ನು ಕತ್ತರಿಸುವುದಲ್ಲ. ಅದರ ಮೇಲೆ ತೆಳ್ಳಗಿನ ಟ್ರೇಸಿಂಗ್ ಪೇಪರ್ ಅಂಟಿಸಿ, ಎಷ್ಟು ಭಾಗ ಅಚ್ಚಾಗಬೇಕೋ ಅಷ್ಟಕ್ಕೆ ಮೆತ್ತನೆಯ ಪೆನ್ಸಿಲಿನಿಂದ ಚೌಕ ಹಾಕುವುದು. ಮಂಗಳೂರಿನ ಬ್ಲಾಕ್ ಮೇಕರ್ ಆ ಚೌಕದೊಳಗಿನದನ್ನು ಮಾತ್ರ ಸತುವಿನ ತಗಡಿಗೆ ಇಳಿಸಿ ಅಚ್ಚಿನ ಬ್ಲಾಕ್ ಮಾಡಿಕೊಡುತ್ತಿದ್ದ. ನನ್ನ ಕೈ ಇದರಲ್ಲಿ ಚುರುಕು. ಸ್ಕೇಲ್ ಇಟ್ಟರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಆ ವರ್ಷ ಕಾರ್ಕಳದ ಕಡೆಯ ಒಂದು ಶಾಲೆಯ ಸ್ಮರಣ ಸಂಚಿಕೆ ನಮ್ಮಲ್ಲಿಗೆ ಬಂತು. ಒಳಗೆ ಒಂಬತ್ತು ವರ್ಷ ಹಳೆಯ ಒಂದು ಗುಂಪು ಫೋಟೋ ಇತ್ತು. ಹಿಂದಿನ ಸಾಲಿನಲ್ಲಿ ಅಧ್ಯಾಪಕರು, ನಡುವೆ ದೊಡ್ಡ ಮಕ್ಕಳು, ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ ಚಿಕ್ಕವರು. ಮುಖಗಳು ದೊಡ್ಡದಾಗಿ ಕಾಣಬೇಕು ಎಂದು ಹೆಡ್ ಮಾಸ್ತರರು ಬರೆದು ಕಳುಹಿಸಿದ್ದರು. ಎಡದ ಅಂಚಿನಲ್ಲಿ ಒಂದು ನೀರಿನ ಡ್ರಮ್, ಅರ್ಧ ತೆರೆದ ಬಾಗಿಲು, ಅದರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಹೆಂಗಸು. ಯಾರೋ ನಡುವೆ ಬಂದುಬಿಟ್ಟಿದ್ದಾರೆ ಎಂದುಕೊಂಡೆ. ಒಂದೂವರೆ ಇಂಚು ಬಿಟ್ಟು ಗೆರೆ ಎಳೆದೆ. ಮುಂದಿನ ಸಾಲಿನ ಮಕ್ಕಳಲ್ಲಿ ಒಬ್ಬರೂ ಕ್ಯಾಮೆರಾ ನೋಡದೆ ಎಡಕ್ಕೆ ತಿರುಗಿ ನಗುತ್ತಿರುವುದೂ ಕಣ್ಣಿಗೆ ಬಿತ್ತು. ಫೋಟೋಗ್ರಾಫರನ ಅಜಾಗರೂಕತೆ ಎಂದು ಮನಸ್ಸಿನಲ್ಲೇ ಬೈದೆ.

ಬ್ಲಾಕ್ ಬಂತು. ಆರ್ಟ್ ಪೇಪರಿನಲ್ಲಿ ಆ ಪುಟದ ಐನೂರು ಪ್ರತಿ ಅಚ್ಚಾಯಿತು. ಬೈಂಡಿಂಗ್ ಮಾತ್ರ ಬಾಕಿ. ಸಮಾರಂಭಕ್ಕೆ ಇನ್ನು ಆರು ದಿನವಿತ್ತು.

ಮರುದಿನ ಬೆಳಿಗ್ಗೆ ಅರುವತ್ತರ ಆಸುಪಾಸಿನ ಒಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ಕಾರ್ಕಳದಿಂದ ಮೊದಲ ಬಸ್ಸಿಗೆ ಬಂದಿದ್ದರಂತೆ. ಹೆಸರು ಗಿರಿಜಕ್ಕ, ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಸಜ್ಜಿಗೆ, ಅಂದರೆ ಉಪ್ಪಿಟ್ಟು, ಬೇಯಿಸುತ್ತಿದ್ದವರು. ಹೆಡ್ ಮಾಸ್ತರರು ಶಾಲೆಗೆ ತಂದಿದ್ದ ಪ್ರೂಫನ್ನು ಅವರು ನೋಡಿದ್ದರು. ಜಗಳಕ್ಕೆ ಬಂದಿದ್ದಾರೆಂದು ನಾನು ಮೈ ಗಟ್ಟಿ ಮಾಡಿಕೊಂಡೆ. ಶಾಲೆಯ ರೂಢಿಯಲ್ಲಿ ನನ್ನನ್ನೂ ಟೀಚರ್ ಎಂದು ಕರೆದು ಅವರು ಮೆಲ್ಲಗೆ ಕೇಳಿದ್ದು ಇಷ್ಟೇ:

"ಟೀಚರೇ, ನೀವು ಕತ್ತರಿಸಿದ ತುಂಡು ಬಿಸಾಡಿದ್ದೀರಾ, ಉಂಟಾ?"

ಅಂಚಿನಲ್ಲಿದ್ದ ಆ ಹೆಂಗಸು ಅವರೇ; ಅವರ ಬೇರೆ ಫೋಟೋ ಇರಲಿಲ್ಲ. ಪುಸ್ತಕದಲ್ಲಿ ಬೇಡವಾದರೆ ಬೇಡ, ಆ ತುಂಡನ್ನಾದರೂ ಮನೆಗೆ ಒಯ್ಯೋಣ ಎಂದು ಬಂದಿದ್ದರು. ಅದನ್ನು ಸುತ್ತಿಕೊಳ್ಳಲು ಒಂದು ಹಳೆಯ ಕ್ಯಾಲೆಂಡರ್ ಹಾಳೆಯನ್ನೂ ತಂದಿದ್ದರು.

ಲಕೋಟೆಯಿಂದ ಮೂಲ ಫೋಟೋ ತೆಗೆದು, ಟ್ರೇಸಿಂಗ್ ಪೇಪರ್ ಎತ್ತಿ ತೋರಿಸಿದೆ. ಏನೂ ಕತ್ತರಿಸಿಲ್ಲ, ನೀವು ಇಲ್ಲೇ ಇದ್ದೀರಿ ಎಂದೆ. ಅವರು ಕುರ್ಚಿಯಲ್ಲಿ ಕುಳಿತು ತುಂಬ ಹೊತ್ತು ನೋಡಿದರು. ಆಗಲೇ ನಾನೂ ಭೂತಗನ್ನಡಿ ಹಿಡಿದು ಆ ಅಂಚನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಗಿರಿಜಕ್ಕ ಬಲಗೈ ಮೇಲಕ್ಕೆ ಎತ್ತಿದ್ದರು. ಕೈಯಲ್ಲಿ ಸೌಟು.

ಏನಿದು ಎಂದು ಕೇಳಿದೆ. ಅವರು ನಕ್ಕರು.

"ಫೋಟೋದವರು ನಗಿ ನಗಿ ಅಂತ ಹೇಳಿದ್ದೇ ಹೇಳಿದ್ದು. ಮಕ್ಕಳು ಬಿಸಿಲಲ್ಲಿ ಕೂತು ಗಂಟೆ ಆಗಿತ್ತು. ಹಸಿವು ಅಲ್ವಾ, ಎಂತ ನಗುವುದು? ನಾನು ಹೊರಗೆ ಬಂದು ಸೌಟು ತೋರಿಸಿದೆ. ಎಲ್ಲ ಒಟ್ಟಿಗೆ ನಕ್ಕುಬಿಟ್ಟವು."

ಇಡೀ ಸಾಲು ನೋಡುತ್ತಿದ್ದದ್ದು ಅವರನ್ನು. ನಾನು ನಗುವನ್ನು ಇಟ್ಟುಕೊಂಡು ನಗಿಸಿದವರನ್ನು ತೆಗೆದುಹಾಕಿದ್ದೆ. ನಮ್ಮ ಐನೂರು ಹಾಳೆಗಳಲ್ಲಿ ಹದಿನಾಲ್ಕು ಮಕ್ಕಳು ಖಾಲಿ ಅಂಚಿನತ್ತ ನೋಡಿ ನಗುತ್ತಿದ್ದರು.

ಗಿರಿಜಕ್ಕನನ್ನು ಕೂರಿಸಿ ಕಾಫಿ ತರಿಸಿ, ನಾನು ನಮ್ಮ ಮಾಲೀಕರ ಕೋಣೆಗೆ ಹೋದೆ. ಅವರನ್ನು ನಾವೆಲ್ಲ ಕೊಂಕಣಿ ರೀತಿಯಲ್ಲಿ ಕಾಮತ್ ಮಾಮ್, ಅಂದರೆ ಮಾವ, ಎನ್ನುತ್ತಿದ್ದೆವು. ಒಂದು ಹಾಳೆ ಹಾಳಾದರೂ ಊಟ ಸೇರದ ಮನುಷ್ಯ. ತಪ್ಪು ನನ್ನದು, ಪುಟ ಮತ್ತೆ ಅಚ್ಚು ಹಾಕಬೇಕು ಎಂದು ಹೇಳಿ ಫೋಟೋ, ಪ್ರೂಫ್ ಎರಡನ್ನೂ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಫೋಟೋ ನೋಡಿದರು, ಪ್ರೂಫ್ ನೋಡಿದರು, ಮತ್ತೆ ಫೋಟೋ ನೋಡಿದರು. ಪುಟದ ಅಗಲಕ್ಕೆ ಇದು ಕೂರುವುದಿಲ್ಲವಲ್ಲ ಎಂದರು. ಮೇಲಿನ ಹಂಚು, ಕೆಳಗಿನ ಬರಿ ನೆಲ ಬಿಟ್ಟು ಚಿತ್ರವನ್ನು ಅಡ್ಡ ತಿರುಗಿಸಿದರೆ ಕೂರುತ್ತದೆ ಎಂದೆ.

"ಓದುವವರು ಪುಸ್ತಕ ತಿರುಗಿಸಬೇಕಾಗ್ತದೆ."

"ತಿರುಗಿಸಲಿ ಮಾಮ್."

ಅವರು ಫೋಟೋವನ್ನು ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟರು. ಬಳಿಕ, ಅಂಚೆಗೆ ಹಾಕಿದರೆ ತಡವಾಗುತ್ತದೆ, ನೀನೇ ಮಂಗಳೂರಿಗೆ ಹೋಗಿ ಎದುರು ನಿಂತು ಬ್ಲಾಕ್ ಮಾಡಿಸಿಕೊಂಡು ಬಾ ಎಂದರು. ಹೊರಗೆ ಬಂದು ಗಿರಿಜಕ್ಕನಿಗೆ ಕೈಮುಗಿದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಚಿತ್ರದ ಕೆಳಗೆ ಹಾಕಲು ಪೂರ್ತಿ ಹೆಸರು ಬೇಕಿತ್ತು. ಫೋನಿನಲ್ಲಿ ಹೆಡ್ ಮಾಸ್ತರರನ್ನು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದಲೇ ಒಪ್ಪಿಕೊಂಡರು. ಗಿರಿಜಕ್ಕನೇ ಹೇಳಿದರು. ಸಮಾರಂಭದ ದಿನ ಸಂಚಿಕೆ ಬಿಡುಗಡೆಯಾದಾಗ ಆ ಪುಟದಲ್ಲಿ ಮೊದಲ ಹೆಸರು ಶ್ರೀಮತಿ ಗಿರಿಜಾ ಪೂಜಾರ್ತಿ ಎಂದಿತ್ತು. ಎಡದಿಂದ ಎಣಿಸಿದರೆ ಅವರೇ ಮೊದಲಿಗರು.

ಅವರಿಗೆ ಗೋಡೆಗೆ ಹಾಕುವಂಥ ಒಂದು ಪ್ರತಿ ಮಾಡಿಸಿಕೊಡಬೇಕೆಂದು ನನಗೆ ಆಸೆಯಾಗಿತ್ತು. ಆ ವಾರ ಅವರು ಮತ್ತೆ ಬಂದಾಗ, ಸ್ಟುಡಿಯೋದಲ್ಲಿ ನಿಮ್ಮೊಬ್ಬರನ್ನೇ ದೊಡ್ಡದು ಮಾಡಿಸುತ್ತೇನೆ, ಮುಖ ಚೆನ್ನಾಗಿ ಕಾಣುತ್ತದೆ ಎಂದೆ. ಅವರು ಒಪ್ಪಲಿಲ್ಲ.

"ನನ್ನೊಬ್ಬಳನ್ನೇ ತೆಗೆದರೆ ನಾನು ಸೌಟು ತೋರಿಸುವುದು ಯಾರಿಗೆ, ಟೀಚರೇ?"

ಇಡೀ ಫೋಟೋವನ್ನೇ ಮಾಡಿಸಿಕೊಟ್ಟೆ.

ಕಂಪ್ಯೂಟರ್ ಬಂದ ಮೇಲೂ ನಾನು ಅನೇಕ ವರ್ಷ ಅದೇ ಕೆಲಸ ಮಾಡಿದೆ. ಮೌಸ್ ಎಳೆದರೆ ಸಾಕು, ಅಂಚು ಮಾಯವಾಗುತ್ತದೆ. ಕೈಕೆಳಗೆ ಕಲಿಯಲು ಬಂದವರಿಗೆ ಹಲವು ವಿಷಯ ಹೇಳಿಕೊಟ್ಟಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಹಳತಾಗಿವೆ. ಇದೊಂದು ಮಾತ್ರ ಈಗಲೂ ಹೇಳುತ್ತೇನೆ: ಗೆರೆ ಎಳೆಯುವ ಮೊದಲು ಚಿತ್ರದಲ್ಲಿರುವವರು ಯಾರನ್ನು ನೋಡುತ್ತಿದ್ದಾರೆ ಎಂದು ನೋಡಿ. ಗೊತ್ತಾಗದಿದ್ದರೆ, ಫೋಟೋ ತಂದವರನ್ನು ಕೇಳಿ.