ಬೆಳ್ಯಪ್ಪನವರ ಉದ್ದದ ಸ್ಟಿಕ್

ಕಳೆದ ವಾರ ಮಡಿಕೇರಿಯ ಮೈದಾನದಲ್ಲಿ ಒಬ್ಬರು ಹಾಕಿ ಸ್ಟಿಕ್ಕಿನಿಂದ ತಮ್ಮ ಹೆಂಡತಿಯ ತಮ್ಮನ ಹುಬ್ಬನ್ನು ಸೀಳಿದ್ದನ್ನು ನಾನು ಹತ್ತಿರದಿಂದ ನೋಡಿದೆ.

ಜಗಳವಲ್ಲ. ಇಬ್ಬರೂ ಒಂದೇ ಟೀಮಿನವರು.

ಸ್ಟಿಕ್ ಹಿಡಿದಿದ್ದವರು ಗಾಳಿಬೀಡಿನ ಬೆಳ್ಯಪ್ಪ. ನಲವತ್ತು ದಾಟಿದ ಮೇಲೆ ಮತ್ತೆ ಆಟಕ್ಕೆ ಇಳಿದವರು. ಪೆಟ್ಟು ತಿಂದವನು ಅವರ ಬಾಮೈದ ಸೋಮಯ್ಯ, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಚೆಂಡು ಬೆಳ್ಯಪ್ಪನವರ ಕಾಲಬುಡಕ್ಕೆ ಬಂತು. ಬಗ್ಗಿದರೆ ಆ ಉದ್ದದ ಸ್ಟಿಕ್ಕಿನ ಹಿಡಿ ಹೊಟ್ಟೆಗೆ ಚುಚ್ಚುತ್ತದೆ. ಹಾಗಾಗಿ ಬಗ್ಗದೆ, ಕೈ ಅಗಲಿಸಿ ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ಸ್ಟಿಕ್ ಭುಜ ದಾಟಿ ಮೇಲೇರಿತು. ಅಲ್ಲಿ ಸೋಮಯ್ಯನ ಮುಖವಿತ್ತು.

ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆಸ್ಪತ್ರೆಯಲ್ಲಿ ಬೆಳ್ಯಪ್ಪ ಕೇಳಿದ್ದು ಒಂದೇ ಮಾತು, "ಕಣ್ಣು?" ಕಣ್ಣು ಉಳಿದಿತ್ತು. ಹುಬ್ಬಿಗೆ ಹೊಲಿಗೆ ಬಿತ್ತು.

ಆ ಸ್ಟಿಕ್ ಕೊಂಡ ದಿನವೂ ನಾನು ಜೊತೆಗಿದ್ದೆ. ನಮ್ಮ ಕೊಡಗಿನ ಗಂಡಸರು ಕೋವಿ ಆರಿಸುವುದರಲ್ಲಿ ಪಳಗಿದವರು. ಬೆಳ್ಯಪ್ಪ ಸ್ಟಿಕ್ಕನ್ನೂ ಹಾಗೆಯೇ ಆರಿಸಿದರು. ಭುಜಕ್ಕೆ ಆನಿಸಿ, ಒಂದು ಕಣ್ಣು ಮುಚ್ಚಿ, ತೂಕ ನೋಡಿ, ಅಂಗಡಿಯಲ್ಲಿ ಎಲ್ಲಕ್ಕಿಂತ ಉದ್ದದ್ದನ್ನೇ ಎತ್ತಿಕೊಂಡರು. (ಅಂಗಡಿಯವನೂ ತಲೆದೂಗಿದ.) ಆದರೆ ಕೋವಿಯ ಗುರಿ ಕಣ್ಣಿನ ಮಟ್ಟಕ್ಕೆ, ಹಾಕಿಯಲ್ಲಿ ಗುರಿ ಇಡುವುದು ನೆಲದ ಹತ್ತಿರ ಅಲ್ಲವೇ?

ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಸ್ಟಿಕ್ ಅಟ್ಟ ಸೇರಿತ್ತು.

"ಆಟ ಮುಗೀತು ಮಾರಾಯ," ಎಂದರು ಬೆಳ್ಯಪ್ಪ, ಹೆಂಡತಿಯಿದ್ದ ಅಡುಗೆಮನೆಯತ್ತ ನೋಡಿ. "ಇವಳು ಅನ್ನ ಬಡಿಸ್ತಾಳೆ, ಮಾತು ಬಡಿಸೋದಿಲ್ಲ."

ಆಗಲೇ ಸೋಮಯ್ಯ ಬಂದ, ತಲೆಗೆ ಬ್ಯಾಂಡೇಜು.

"ಭಾವ, ಏಳಿ. ಅಂಗಡಿಗೆ ಹೋಗುವ."

"ಎಂತಕ್ಕೆ?"

"ನಿಮ್ಮ ಅಳತೆಯ ಸ್ಟಿಕ್ ತರ್ಲಿಕ್ಕೆ. ನೀವು ಆಟ ಬಿಟ್ಟು ಮನೇಲಿ ಕೂತ್ರೆ ಅಕ್ಕ ನನ್ನ ಹೊಲಿಗೆ ನೋಡಿದಾಗೆಲ್ಲ ನಿಮ್ಮ ಮೇಲೆ ಸಿಟ್ಟಾಗ್ತಾಳೆ. ಆಡಿದ್ರೆ ಮರೀತಾಳೆ."

ಒಳಗಿನಿಂದ ಅಕ್ಕನ ದನಿ ಬಂತು. "ಮರೆಯೋದಿಲ್ಲ. ಆದ್ರೂ ಕರ್ಕೊಂಡು ಹೋಗು. ಮನೇಲಿ ಮುಖ ಇಳಿಸಿ ಕೂತದ್ದು ನೋಡ್ಲಿಕ್ಕಾಗೋದಿಲ್ಲ."

ಅಂಗಡಿಯಲ್ಲಿ ಸೋಮಯ್ಯ ಭಾವನನ್ನು ನೆಟ್ಟಗೆ ನಿಲ್ಲಿಸಿದ. ಸ್ಟಿಕ್ಕನ್ನು ಕಾಲಿನ ಪಕ್ಕ ನೆಟ್ಟು, ಹಿಡಿ ಸೊಂಟದ ಮೂಳೆಯ ಮಟ್ಟಕ್ಕೆ ಬರುತ್ತದೋ ನೋಡಿದ. ಆಮೇಲೆ ಭಾವನನ್ನು ಬಗ್ಗಿಸಿ, ಹೊಟ್ಟೆಗೂ ಹಿಡಿಗೂ ನಡುವೆ ಜಾಗ ಇದೆಯೋ ನೋಡಿದ.

"ಇದು ಗಿಡ್ಡ. ಜನ ನಗ್ತಾರೆ," ಬೆಳ್ಯಪ್ಪ ಗೊಣಗಿದರು.

"ನಗ್ಲಿ. ನನಗೆ ನಗು ಬಂದ್ರೆ ಹೊಲಿಗೆ ಎಳೀತದೆ, ಆದ್ರೂ ನಗ್ತೇನೆ."

ಮೊನ್ನೆ ಭಾನುವಾರ ಮೈದಾನದಲ್ಲಿ ಚೆಂಡಿನ ಮುಂದೆ ಬೆಳ್ಯಪ್ಪ ಬಹಳ ಹೊತ್ತು ನಿಂತರು. ಹಿಡಿಯನ್ನು ಎರಡು ಸಲ ಬದಲಿಸಿ ಹಿಡಿದರು. ಸೋಮಯ್ಯ ಬಂದು, ಪೆಟ್ಟು ತಿಂದ ದಿನ ನಿಂತಿದ್ದ ಜಾಗದಲ್ಲೇ ನಿಂತ. "ದೂರ ಹೋಗು," ಎಂದರು ಬೆಳ್ಯಪ್ಪ. ಅವನು ಕದಲಲಿಲ್ಲ.

"ಹೊಡೀರಿ ಭಾವ."

ಹೊಡೆದರು. ಸ್ಟಿಕ್ ಮೊಣಕಾಲಿಗಿಂತ ಮೇಲೆ ಏಳಲಿಲ್ಲ. ಚೆಂಡು ಹುಲ್ಲು ಸವರಿಕೊಂಡು ಹೋಯಿತು.

ನಮ್ಮ ಕೈಗೆ ಒಪ್ಪುವ ಅಳತೆ ಯಾವುದೆಂದು ತಿಳಿಯಲು ಪ್ರತಿಸಲವೂ ಹತ್ತಿರದವರೊಬ್ಬರ ಹುಬ್ಬು ಒಡೆಯಲೇಬೇಕೇ?