ಅಕ್ಕನಿಗಾಗಿ ಎತ್ತಿದ ದೋಣಿ

ಮೊಣಕಾಲು ಎರಡೂ ಸೋತ ಮೇಲೆ ಅಕ್ಕ ಹೊಸಪೇಟೆಯ ನಮ್ಮ ಮನೆಗೆ ಬಂದಳು. ಅಲ್ಲಿಯವರೆಗೆ ಅವಳ ಬದುಕೆಲ್ಲ ಕಂಪ್ಲಿಯ ಹೊಳೆದಂಡೆಯಲ್ಲಿ. ಆಚೆ ದಡದ ಗದ್ದೆಗೆ ನಾಟಿಗೆಂದು ಹರಿಗೋಲಿನಲ್ಲಿ ಹೋಗಿ ಬರುತ್ತಿದ್ದವಳು. ನಮ್ಮಲ್ಲಿ ಅವಳಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಸಂಜೆ ಕಿಟಕಿಯ ಬಳಿ ಕುಳಿತು, ಇಲ್ಲಿಯ ಗಾಳಿಗೆ ನೀರಿನ ವಾಸನೆಯೇ ಇಲ್ಲ ಅನ್ನುತ್ತಿದ್ದಳು.

ನನ್ನ ಮಾವನವರ ಹೊಲ ಜಲಾಶಯದ ಹಿನ್ನೀರಿಗೆ ತಾಗಿದೆ. ದಂಡೆಯಲ್ಲಿ ಹಲಗೆ ಹಾಸಿದ ಒಂದು ಅಟ್ಟಣೆ, ಅದಕ್ಕೆ ಕಟ್ಟಿದ ಸಣ್ಣ ಫೈಬರ್ ದೋಣಿ. ಒಂದು ಭಾನುವಾರ ಅಕ್ಕನನ್ನು ಕರೆದೊಯ್ದೆ. ದೋಣಿ ಅಟ್ಟಣೆಗಿಂತ ಬಹಳ ಕೆಳಗಿತ್ತು. ಅವಳಿಗೆ ಇಳಿಯಲಾಗಲಿಲ್ಲ. ಹಾಗೆಯೇ ಮನೆಗೆ ಮರಳಿದೆವು.

ಕುರೆಕುಪ್ಪದ ಕಡೆ ಕಾರ್ಖಾನೆಯಲ್ಲಿ ಕ್ರೇನ್ ರಿಪೇರಿ ನನ್ನ ಕೆಲಸ. ಅವಳಿಗೆ ಇಳಿಯಲಾಗದಿದ್ದರೆ ದೋಣಿಯನ್ನೇ ಮೇಲೆತ್ತಿದರಾಯಿತು ಅನ್ನಿಸಿತು. ರಜೆಯ ದಿನಗಳಲ್ಲಿ ನಾನೂ ಮಾವನವರೂ ಸೇರಿ ನೀರಿನಲ್ಲಿ ನಾಲ್ಕು ಕಬ್ಬಿಣದ ಕಂಬ ನೆಟ್ಟು, ಮೇಲೆ ತೊಲೆ ಕೂಡಿಸಿದೆವು. ತೊಲೆಯಿಂದ ಸರಪಳಿ ರಾಟೆಗಳನ್ನು ಇಳಿಬಿಟ್ಟು, ದೋಣಿಯ ಹೊಟ್ಟೆಯಡಿ ಎರಡು ಅಗಲ ಬೆಲ್ಟು ಹಾಯಿಸಿದೆವು. ಮೊದಲ ಸಲ ಎತ್ತಿದಾಗ ದೋಣಿ ಹಿಂದಕ್ಕೆ ವಾಲಿತು. ಬೆಲ್ಟು ಸರಿಸಿ, ಅಕ್ಕ ಕೂರುವ ಜಾಗದಲ್ಲಿ ಮರಳಿನ ಚೀಲವಿಟ್ಟು ಮತ್ತೆ ಮತ್ತೆ ಏರಿಸಿ ಇಳಿಸಿದೆ. ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಅವಳಿಗೆ ಬೇಸರವಾಯಿತು.

"ಆ ಚೀಲ ತಗಿಯಲೇ. ನಾನು ಕುಂದರ್ತೀನಿ."

ದೋಣಿಯನ್ನು ಹಲಗೆಯ ಮಟ್ಟಕ್ಕೆ ತಂದು, ಅವಳನ್ನು ಎತ್ತಿ ಕೂರಿಸಿ, ನಾನೂ ಹತ್ತಿದೆ. ಮಾವ ನಿಧಾನವಾಗಿ ಸರಪಳಿ ಬಿಟ್ಟರು. ದೋಣಿ ನೀರಿಗೆ ತಾಗಿ ತೇಲಿದಾಗ ಅಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ಬಗ್ಗಿ ನೀರಿನಲ್ಲಿ ಕೈ ಇಟ್ಟಳು.

"ನಮ್ಮ ಹೊಳಿ ಕೈ ಎಳೀತಿತ್ತು," ಅಂದಳು. "ಇದು ಸುಮ್ನ ನಿಂತೈತಿ."

ಇದೂ ಅದೇ ತುಂಗಭದ್ರೆ ಅಂದೆ. ಅದು ತನಗೂ ಗೊತ್ತು ಎಂದವಳು ಅಣೆಕಟ್ಟೆಯ ಕಡೆ ತಿರುಗಿ, ಇಲ್ಲಿಯ ನೀರು ಕಂಪ್ಲಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ಜೋರಾಗಿ ಹುಟ್ಟು ಹಾಕಿದೆ. ಅವಳ ಬೆರಳುಗಳ ನಡುವೆ ನೀರು ಸೀಳಿಕೊಂಡು ಹಿಂದೆ ಓಡಿತು. ಅವಳು ಕೈ ತೆಗೆಯಲಿಲ್ಲ.

ನೀರಿದ್ದಷ್ಟು ದಿನ ಭಾನುವಾರಗಳಲ್ಲಿ ಹೋದೆವು. ಈಗ ಬೇಸಿಗೆ. ಹಿನ್ನೀರು ದೂರ ಸರಿದು, ದೋಣಿ ಬಿರುಕುಬಿಟ್ಟ ಕೆಸರಿನ ಮೇಲೆ ತೂಗುತ್ತಿದೆ. ಮಲೆನಾಡಿನಲ್ಲಿ ಮಳೆ ಹಿಡಿಯಿತೇ ಎಂದು ಅಕ್ಕ ದಿನಾ ಬೆಳಿಗ್ಗೆ ಕೇಳುತ್ತಾಳೆ.